ಹಿತ್ತಲಿನ ಅಕ್ವಾ

ನಮ್ಮ ಓಣಿಯಲ್ಲಿ ‘ಅಕ್ವಾ’ ಎಂದರೆ ಕುಡಿಯುವ ನೀರು. ಕ್ಯಾನಿನಲ್ಲಿ ತುಂಬಿ ಮಾರುತ್ತಾರಲ್ಲ, ಸೋಸಿದ ನೀರು, ಅದು. ಬೈಲಹೊಂಗಲದಲ್ಲಿ ನಮ್ಮ ಮನೆಯ ಕಡೆಗೆ ಬೋರಿನ ನೀರು ಸವಳು. ನಳದ ನೀರು ಬಂದಾಗ ಬಂತು, ಇಲ್ಲದಾಗ ಇಲ್ಲ. ಹೀಗಾಗಿ ಮನೆಗೆ ಬಂದವರ ಕೈಗೆ ತಂಬಿಗೆ ಕೊಡುವಾಗ ‘ಅಕ್ವಾ ಐತ್ರಿ, ಕುಡೀರಿ’ ಎಂದು ಹೇಳಿ ಕೊಡುವುದು ಮರ್ಯಾದೆ. ಹೇಳದೆ ಕೊಟ್ಟರೆ ಬಂದವರು ಒಂದು ಗುಟುಕು ತುಟಿಗೆ ಹಚ್ಚಿ, ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, ಮಾತು ಬದಲಿಸುತ್ತಾರೆ. ಇಂಥ ನಿರುಪದ್ರವಿ ಶಬ್ದವೊಂದರ ಬೆನ್ನು ಹತ್ತಿ ನಾನು ಎಲ್ಲಿ ಹೋಗಿ ಬಿದ್ದೆ ಎಂಬುದನ್ನು ನಿಮಗೆ ಹೇಳಬೇಕಾಗಿದೆ. ಶಬ್ದದ ತಪ್ಪು ಏನೂ ಇಲ್ಲ, ತಪ್ಪು ನನ್ನದೇ. ಆದರೆ ಓದಿದವರ ರೂಢಿ ನಿಮಗೂ ಗೊತ್ತಲ್ಲ: ಮೊದಲು ಶಬ್ದದ ಮೇಲೆ ಹೊರಿಸಿ ನೋಡುತ್ತೇವೆ.

ನಿನ್ನೆ ಕಪಾಟು ಝಾಡಿಸುವಾಗ ಚೌಕಳಿ ಹಾಳೆಯ ಒಂದು ನೋಟ್‌ಬುಕ್ಕು ಕೈಗೆ ಬಂತು. ರಟ್ಟಿನ ಮೇಲೆ ನನ್ನ ದುಂಡು ಅಕ್ಷರ: ‘ಹಿತ್ತಲಿನ ಅಕ್ವಾಪೋನಿಕ್ಸ್, ಯೋಜನೆ’. ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ಬಿ.ಎಸ್ಸಿ., ಬಿ.ಇಡಿ. ನಾನೇ ಬರೆದು ನಾನೇ ಓದುವ ನೋಟ್‌ಬುಕ್ಕಿಗೂ ಡಿಗ್ರಿ ಹಚ್ಚುವ ಚಟ ನನಗೆ. ಲೈಟಿನ ಕಂಬ ವಾಲಿದೆ ಎಂದು ಅರ್ಜಿ ಕೊಟ್ಟಾಗಲೂ ಹಚ್ಚಿದ್ದೆ. ಗುಮಾಸ್ತ ಓದಿ, ‘ಅಕ್ಕೋರ, ಕಂಬಕ್ಕೂ ಡಿಗ್ರಿಗೂ ಏನ ಸಂಬಂಧರಿ?’ ಎಂದು ಕೇಳಿದ್ದ. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಅಕ್ಕೋರು. ನಗುವವರು ನಗಲಿ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಪೆನ್ನು ಹಿಡಿದವರಿಲ್ಲ. ನಾನು ಮೊದಲ ಸಲ ಸಹಿ ಮಾಡಿ ತೋರಿಸಿದಾಗ ನಮ್ಮಜ್ಜಿ ಬಗ್ಗಿ ನೋಡಿ, ‘ಹುಳಾ ಹರದಂಗ ಐತಲ್ಲ ಹುಡುಗಿ, ಇದಕ್ಕ ಪಗಾರ ಕೊಡತಾರೇನು?’ ಎಂದಿದ್ದಳು. ಕೊಡುತ್ತಾರೆ ಎಂದು ತೋರಿಸಿದೆ. ತಮ್ಮಂದಿರಿಬ್ಬರ ಓದು, ಮದುವೆ ಆ ಪಗಾರದಲ್ಲೇ ಆದವು. ಅದರ ಗದ್ದಲದಲ್ಲಿ ನನ್ನ ಮದುವೆ ಎಲ್ಲರಿಗೂ ಮರೆತುಹೋಯಿತು, ಕೊನೆಗೆ ನನಗೂ.

ಅಕ್ವಾಪೋನಿಕ್ಸ್ ಎಂದರೆ ಏನು ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ, ಪಾಠ ಮಾಡುವುದು ನನ್ನ ಕಸುಬು. ಕೆಳಗೆ ಒಂದು ಟಾಕಿ, ಅದರಲ್ಲಿ ಮೀನು. ಮೇಲೆ ಖಡಿ, ಅಂದರೆ ಜಲ್ಲಿಕಲ್ಲು, ತುಂಬಿದ ತೊಟ್ಟಿ, ಅದರಲ್ಲಿ ಮೆಂತ್ಯ, ಪಾಲಕ, ಬದನೆ, ಟೊಮ್ಯಾಟೊ. ಮೀನು ಹೊಲಸು ಮಾಡಿದ ನೀರನ್ನು ಸಣ್ಣ ಪಂಪೊಂದು ಮೇಲಕ್ಕೆತ್ತುತ್ತದೆ. ಖಡಿಯಲ್ಲಿ ಮನೆ ಮಾಡಿದ ಕಣ್ಣಿಗೆ ಕಾಣದ ಜೀವಿಗಳು ಆ ಹೊಲಸನ್ನು ಗೊಬ್ಬರ ಮಾಡುತ್ತವೆ. ಗಿಡ ಅದನ್ನು ಉಂಡು, ತಿಳಿಯಾದ ನೀರನ್ನು ಮತ್ತೆ ಮೀನಿಗೆ ಇಳಿಸುತ್ತದೆ. ಮಣ್ಣಿಲ್ಲ, ಕಳೆ ಇಲ್ಲ, ನೀರು ದಂಡವಿಲ್ಲ. ಒಂದರ ಹೊಲಸು ಇನ್ನೊಂದರ ಊಟ. ಪುಸ್ತಕದಲ್ಲಿ ಇದನ್ನು ಚಕ್ರ ಎಂದು ಹೊಗಳುತ್ತಾರೆ. ಊರಿನಲ್ಲಿ ಒಬ್ಬರ ಹೊಲಸಿನ ಮೇಲೆ ಇನ್ನೊಬ್ಬರು ಬದುಕಿದರೆ ಅದಕ್ಕೆ ಬೇರೆ ಹೆಸರುಗಳಿವೆ. ಅವುಗಳಲ್ಲಿ ಕೆಲವನ್ನು ನಾನು ಸಣ್ಣಾಕಿಯಿದ್ದಾಗ ಕೇಳಿದ್ದೇನೆ.

ನಾವು ನೀರ ದಂಡೆಯ ಮಂದಿ. ಮುನವಳ್ಳಿಯಿಂದ ಆಚೆ, ಮಲಪ್ರಭೆಯ ಹಿನ್ನೀರು ಹೊಲಗಳ ಬಾಯಿಗೆ ಬಂದು ನಿಲ್ಲುವ ಕಡೆ ನಮ್ಮ ಊರು. ಅಪ್ಪನಿಗೆ ಒಂದು ಹರಗೋಲು, ಮೂರು ಬಲೆ. ಅವ್ವನಿಗೆ ಒಂದು ಬುಟ್ಟಿ. ಅಪ್ಪ ಹಿಡಿದದ್ದನ್ನು ಅವ್ವ ತಲೆಯ ಮೇಲೆ ಹೊತ್ತು ಮಾರಿ ಬರುತ್ತಿದ್ದಳು. ಈಗ ಅವ್ವ ಇಲ್ಲ. ತಮ್ಮಂದಿರು ಒಕ್ಕಲುತನ ಮಾಡುತ್ತಾರೆ, ಚಲೋ ಮಾಡುತ್ತಾರೆ. ಅಪ್ಪನ ಬಲೆಗಳನ್ನು ಹಕ್ಕಿ ಬರದ ಹಾಗೆ ಬದನೆ ಗಿಡಗಳ ಮೇಲೆ ಹೊದಿಸಿದ್ದಾರೆ. ಅದನ್ನು ನೋಡಿದ ಮೇಲೆ ಅಪ್ಪ ಡಾಕ್ಟರಿಗೆ ಮೊಳಕಾಲು ತೋರಿಸಲೆಂದು ನನ್ನ ಹತ್ತಿರ ಬಂದ. ಬಂದವನು ತಿರುಗಿ ಹೋಗುವ ಮಾತು ಎತ್ತಲಿಲ್ಲ.

ನಾನು ಕನ್ನಡ ಸಾಲಿಯ ಮೂರನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು ಒಂದು ದಿನ ನನ್ನನ್ನು ಎಬ್ಬಿಸಿ, ‘ನೀ ಇನ್ನ ಮುಂದ ಕಿಡಕಿ ಕಡೆ ಕುಂಡ್ರು’ ಎಂದರು. ಕಿಟಕಿಯ ಜಾಗ! ವರ್ಗಕ್ಕೇ ಮೊದಲಿನವಳು ನಾನು, ಅದಕ್ಕೇ ಕೊಟ್ಟರು ಎಂದುಕೊಂಡೆ. ಓಡುತ್ತ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಬಲೆ ಹೊಲಿಯುವುದನ್ನು ಬಿಟ್ಟು, ‘ಗಾಳಿ ಚಲೋ ಬರತೈತಿ, ಬೆಳಕೂ ಬೀಳತೈತಿ. ದೊಡ್ಡ ಮನಸಿನ ಮಾಸ್ತರ ಅದಾರ’ ಎಂದ. ಮಾರನೆಯ ದಿನ ನನ್ನ ಕೈಯಲ್ಲೇ ಮಾಸ್ತರರಿಗೆ ಎರಡು ಎಳೆ ಸವತೆಕಾಯಿ ಕಳಿಸಿದ. ನಾನೂ ಮಾಸ್ತರಿಕೆ ಹಿಡಿದು, ಒಂದು ದಿನ ಕರಿಹಲಗೆಯ ಮುಂದೆ ನಿಂತು, ಮಳೆಯಲ್ಲಿ ತೊಯ್ದು ಬಂದ ಮಕ್ಕಳ ಮೈವಾಸನೆ ಮೂಗಿಗೆ ಬಡಿದಾಗ ಒಮ್ಮೆಲೇ ಹೊಳೆಯಿತು, ಗಾಳಿ ಯಾರಿಗೆ ಬೇಕಾಗಿತ್ತು ಎಂದು. ಹಲಗೆಗೆ ಬರೆಯುವ ಖಡು ಕೈಯಲ್ಲೇ ಉಳಿಯಿತು. ಆ ಸವತೆಕಾಯಿಗಳ ನೆನಪು ಮಾತ್ರ ಇವತ್ತಿಗೂ ಉರಿಯುತ್ತದೆ.

ಇನ್ನೊಂದು ಹೇಳುತ್ತೇನೆ, ಇದರಲ್ಲಿ ಮಾಸ್ತರರ ತಪ್ಪಿಲ್ಲ. ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಣಿಶಾಸ್ತ್ರದ ಪ್ರ್ಯಾಕ್ಟಿಕಲ್. ಮೇಜಿನ ಮೇಲೆ ಗಾಜಿನ ಬಾಟಲಿ, ಬಾಟಲಿಯಲ್ಲಿ ಔಷಧದಲ್ಲಿಟ್ಟ ಮೀನು. ಲ್ಯಾಟಿನ್ ಹೆಸರು ತಪ್ಪಿಲ್ಲದೆ ಹೇಳಿದೆ, ರೆಕ್ಕೆಯ ಮುಳ್ಳಿನ ಲೆಕ್ಕವನ್ನೂ ಹೇಳಿದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಳ್ಳೆಯವರು. ನಗುತ್ತ, ‘ನಿಮ್ಮ ಕಡೆ ಇದಕ್ಕ ಏನಂತಾರಮ್ಮ?’ ಎಂದು ಕೇಳಿದರು. ಬಾಳಿ ಮೀನ. ಅದರ ಸಾರಿನಲ್ಲಿ ರೊಟ್ಟಿ ಮುರಿದು ಹಾಕಿಕೊಂಡು ಬೆಳೆದವಳು ನಾನು. ‘ಗೊತ್ತಿಲ್ಲ ಸರ್’ ಎಂದೆ. ಪೂರ್ತಿ ಅಂಕ ಬಿದ್ದವು.

ಹೀಗೆ ಅಂಕ ಗಳಿಸುತ್ತ ಗಳಿಸುತ್ತ ನಾನು ಬೈಲಹೊಂಗಲದಲ್ಲಿ ಒಂದು ಪ್ಲಾಟು ಹಿಡಿದೆ, ಮನೆ ಕಟ್ಟಿದೆ. ಓಣಿಯೆಲ್ಲ ಶಿವಭಕ್ತರದು. ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮಂದಿ. ಕೆಟ್ಟವರೆಂದು ನಾನು ಹೇಳುವುದಿಲ್ಲ. ಗೃಹಪ್ರವೇಶದ ದಿನ ಹೋಳಿಗೆಯ ಹೂರಣ ರುಬ್ಬಿ ಕೊಟ್ಟವರೇ ಅವರು. ಕೂಡುಗೋಡೆಯ ಆಚೆಯ ನೀಲಕ್ಕನಂತೂ ನನಗೆ ಜ್ವರ ಬಂದರೆ ಗಂಜಿ ಕಾಯಿಸಿ ತರುತ್ತಾಳೆ. ಆದರೆ ನಾವು ಏನು ತಿನ್ನುತ್ತೇವೆ ಎಂದು ಅವಳು ಯಾವತ್ತೂ ಕೇಳಲಿಲ್ಲ, ನಾನು ಯಾವತ್ತೂ ಹೇಳಲಿಲ್ಲ. ರವಿವಾರ ಮೀನು ತರುವುದು ಸ್ಟೀಲಿನ ಡಬ್ಬಿಯಲ್ಲಿ, ಡಬ್ಬಿ ಕೈಚೀಲದಲ್ಲಿ, ಮೇಲೆ ಎರಡು ಸೂಡು ಕೊತ್ತಂಬರಿ ಕಾಣುವ ಹಾಗೆ. ಒಲೆಯ ಮೇಲಿಡುವ ಮೊದಲು ಐದೂ ಮೂಲೆಗೆ ಊದಿನಕಡ್ಡಿ. ಮನೆಗೆ ನಾಲ್ಕೇ ಮೂಲೆ ಎನ್ನಬೇಡಿ, ಅಂಜಿದವರ ಮನೆಗೆ ಐದು ಇರುತ್ತವೆ. ಒಮ್ಮೆ ನೀಲಕ್ಕ ಹತ್ತು ಮಂದಿಯ ಮುಂದೆ, ‘ರವಿವಾರ ಬಂತಂದ್ರ ಅಕ್ಕೋರ ಮನ್ಯಾಗ ಭಾರಿ ಪೂಜಿ ನೋಡ್ರಿ, ಊದಿನಕಡ್ಡಿ ವಾಸನಿ ನಮ್ಮ ಪಡಸಾಲಿತನಕ ಬರತೈತಿ’ ಎಂದಳು. ನಾನು ಕೈ ಮುಗಿದೆ.

ಇಂಥವಳಿಗೆ ಹಿತ್ತಲಿನಲ್ಲಿ ಮೀನು ಸಾಕುವ ಹುಚ್ಚು ಯಾಕೆ ಹಿಡಿಯಬೇಕು? ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಯಾವುದೋ ದೇಶದ ಗಂಡ ಹೆಂಡತಿ, ಹಿತ್ತಲು, ಟಾಕಿ, ಮೇಲೆ ಸೊಂಪಾದ ಪಲ್ಯೆ. ಗಂಡ ಬಲೆ ಅದ್ದಿ ಮೀನೆತ್ತಿ ತೋರಿಸುತ್ತಾನೆ, ಹೆಂಡತಿ ಚಪ್ಪಾಳೆ ತಟ್ಟುತ್ತಾಳೆ. ಇಬ್ಬರೂ ಡಾಕ್ಟರೇಟ್ ಆದವರಂತೆ. ಅದೇ ಮೀನು, ಅದೇ ಬಲೆ. ಆದರೆ ಇಂಗ್ಲಿಷಿನಲ್ಲಿ ಅದರ ವಾಸನೆ ಹೋಗಿಬಿಟ್ಟಿತ್ತು. ನಮ್ಮಪ್ಪ ಮಾಡಿದರೆ ಕಸುಬು, ಇವರು ಮಾಡಿದರೆ ವಿಜ್ಞಾನ. ವಿಜ್ಞಾನ ನನ್ನದೂ ಹೌದಲ್ಲ ಎಂದುಕೊಂಡೆ. ಅವತ್ತೇ ನೋಟ್‌ಬುಕ್ಕು ತಂದೆ.

ನಕ್ಷೆ ಹಾಕುವಾಗ ಅಪ್ಪನನ್ನು ಕೇಳಲಿಲ್ಲ. ಕೇಳಬೇಕೆಂಬುದೇ ಹೊಳೆಯಲಿಲ್ಲ. ಹಿತ್ತಲಿಗೆ ಟೇಪು ಹಿಡಿದು ಅಳೆದೆ. ಎಷ್ಟು ನೀರಿಗೆ ಎಷ್ಟು ಮೀನು, ಎಷ್ಟು ಮೀನಿಗೆ ಎಷ್ಟು ಖಡಿ, ಎಲ್ಲ ಹಾಳೆ ಹಾಳೆ ಬರೆದೆ. ಅಪ್ಪ ಎರಡು ದಿನ ಬಾಗಿಲಲ್ಲಿ ಕುಳಿತು ನೋಡಿದ. ಮೂರನೆಯ ದಿನ ಕೇಳಿದ.

‘ಏನ ಅಳಿಯಾಕತ್ತೀಯವ್ವಾ? ಮತ್ತೊಂದ ಖೋಲಿ ಕಟ್ಟಸ್ತೀ ಏನ?’

‘ಅಲ್ಲಪ್ಪಾ. ಮೀನ ಸಾಕೂದು.’

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಕೂಡುಗೋಡೆಯ ಕಡೆ ನೋಡಿ, ದನಿ ತಗ್ಗಿಸಿ ಕೇಳಿದ, ‘ಇಲ್ಲೇ?’

‘ಇಲ್ಲೇ.’

‘ಹೊಳಿ ಬಿಟ್ಟು ಬಂದು ಡ್ರಮ್ಮಿನ್ಯಾಗ ಮೀನ ಹಿಡೀತೀ? ಎಂಥಾ ಸಾಲಿ ಕಲತಿಯೇ ನೀ!’ ಎಂದು ನಕ್ಕ. ಹಲ್ಲಿಲ್ಲದ ಬಾಯಿ ತೆರೆದು, ಹೊಟ್ಟೆ ಕುಣಿಸಿ ನಕ್ಕ. ಅವ್ವ ಹೋದ ಮೇಲೆ ಅಪ್ಪ ಹಾಗೆ ನಕ್ಕಿದ್ದು ನಾನು ಕಂಡಿರಲಿಲ್ಲ.

ಅಲ್ಲಿಂದ ಮುಂದೆ ಯೋಜನೆ ನನ್ನ ಕೈಯಲ್ಲಿ ಉಳಿಯಲಿಲ್ಲ, ಹೆಸರು ಮಾತ್ರ ನನ್ನದಿತ್ತು. ಪಂಪು ತರಲು ಹಾರ್ಡ್‌ವೇರ್ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನಿಗೆ ನಾನು ಅರ್ಧ ಗಂಟೆ ಪಾಠ ಹೇಳಿದೆ. ಅವನು ಎಲ್ಲ ಕೇಳಿ, ಹೊಲಕ್ಕೆ ನೀರು ಹಾಯಿಸುವ ಐದು ಎಚ್‌ಪಿ ಮೋಟರು ಎಳೆದು ತಂದ. ‘ಇದನ್ನ ಹಾಕ್ರಿ ಅಕ್ಕೋರ. ನಿಮ್ಮ ಮೀನ ಸವದತ್ತಿ ಗುಡ್ಡಾ ಏರಿ ಎಲ್ಲವ್ವಗ ಉಡಿ ತುಂಬಿ ಬರತಾವ!’ ಅಪ್ಪ ಹೆಗಲ ಮೇಲಿನ ಟವೆಲ್ ಬಾಯಿಗೆ ಹಿಡಿದು ನಗತೊಡಗಿದ. ಕೂಲರಿನಲ್ಲಿ ಹಾಕುವಂಥ ಅಂಗೈಯಗಲದ ಪಂಪು ಸಾಕು ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಡಿಗ್ರಿ ಬೆವೆತಿತ್ತು.

ಖಡಿಯದೂ ಹಾಗೇ. ಸುಣ್ಣದ ಕಲ್ಲು ಬೆರೆತ ಖಡಿ ನೀರನ್ನು ಕೆಡಿಸುತ್ತದೆ. ಹುಳಿ ಹಾಕಿದಾಗ ನೊರೆ ಬಂದರೆ ಅದು ಬೇಡ. ಖಡಿಯ ಗುಡ್ಡೆಯ ಮುಂದೆ ನಿಂತು ನಾನು ನಿಂಬೆಹಣ್ಣು ಕೊಯ್ದು ಹಿಂಡತೊಡಗಿದೆ. ಟ್ರ್ಯಾಕ್ಟರಿನವನು ಗಾಬರಿಯಾಗಿ ಇಳಿದು ಬಂದ. ‘ಏನ್ರಿ ಅಕ್ಕೋರ, ಖಡಿಗೆ ದೃಷ್ಟಿ ತಗೀತೀರೇನು? ನಮ್ಮ ಖಡಿ ಯಾರ ಕಣ್ಣಿಗೂ ಬಿದ್ದಿಲ್ರಿ!’ ಅಪ್ಪ ನಾಲ್ಕು ಹರಳು ಆರಿಸಿ, ನೀರಲ್ಲಿ ಅದ್ದಿ, ಒಂದನ್ನು ನಾಲಿಗೆಗೆ ಹಚ್ಚಿ, ‘ಈ ಕರೇದು ತಗೋ, ಬಿಳೇದು ಬ್ಯಾಡ’ ಎಂದ. ನಿಂಬೆಹಣ್ಣೂ ಅದನ್ನೇ ಹೇಳಿತು.

ನೋಟ್‌ಬುಕ್ಕಿನ ಒಂಬತ್ತನೆಯ ಹಾಳೆಯಲ್ಲಿ ಒಂದು ದೊಡ್ಡ ಸಂಗತಿ ಇದೆ. ಟಾಕಿ ತುಂಬಿದ ತಕ್ಷಣ ಮೀನು ಬಿಡಬಾರದು. ನಾಲ್ಕರಿಂದ ಆರು ವಾರ ನೀರನ್ನು ಸುಮ್ಮನೆ ತಿರುಗಿಸುತ್ತಿರಬೇಕು, ಖಡಿಯಲ್ಲಿ ಆ ಸೂಕ್ಷ್ಮ ಜೀವಿಗಳು ನೆಲೆಯೂರುವ ತನಕ. ಹೊಸಬರು ಮೊದಲು ಸೋಲುವುದೇ ಇಲ್ಲಿಯಂತೆ. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಎಂದು ಮೂರು ಬಣ್ಣದಲ್ಲಿ ಬಾಣ ಹಾಕಿ ಬರೆದಿದ್ದೇನೆ. ಇದು ಅಪ್ಪನಿಗೆ ತಿಳಿಯುವ ಮಾತಲ್ಲವೆಂದು, ‘ಒಂದ ತಿಂಗಳ ಖಾಲಿ ನೀರ ತಿರುಗಬೇಕಪ್ಪಾ’ ಎಂದಷ್ಟೇ ಹೇಳಿದೆ. ಅವನು ತಲೆದೂಗಿದ. ‘ಮತ್ತ? ನೀರ ಹಳೇದಾಗಬೇಕಲ್ಲ. ಹೊಸಾ ನೀರಾಗ ಮೀನ ಹೆಂಗ ಬಾಳೇ ಮಾಡತೈತಿ?’ ನನ್ನ ಮೂರು ಬಣ್ಣ, ಹದಿನೆಂಟು ಬಾಣ, ಎರಡು ಡಿಗ್ರಿ ಅಲ್ಲೇ ಬಾಯಿ ಮುಚ್ಚಿದವು. ‘ನೀರು ಹಳೆಯದಾಗಬೇಕು’ ಎಂದು ಹಾಳೆಯ ಅಂಚಿಗೆ ಬರೆದುಕೊಂಡೆ. ಯಾರು ಹೇಳಿದ್ದು ಎಂದು ಬರೆಯಲಿಲ್ಲ.

ಮೀನುಗಳನ್ನು ಆರಿಸಿದವನೂ ಅವನೇ. ‘ಕಾಟ್ಲಾ ಮ್ಯಾಲಿನ ನೀರಿಂದು, ರೋಹು ನಡುವಿಂದು, ಎರಡಕ್ಕೂ ಜಗಳಾ ಇಲ್ಲ. ಗೆಂಡಿ ಬ್ಯಾಡ, ತಳಾ ಕೆದರಿ ರಾಡಿ ಎಬ್ಬಸತೈತಿ. ಕರೆಂಟ ಹೋದ್ರ ಬಕೀಟಿಲೆ ನೀರ ಎತ್ತಿ ಎತ್ತಿ ಮ್ಯಾಲಿಂದ ಸುರುವಬೇಕು. ನಾ ಇರತೇನಲ್ಲ, ಸುರುವತೇನಿ.’ ಆ ‘ನಾ ಇರತೇನಲ್ಲ’ ಎಂಬ ಮಾತನ್ನು ನೀವು ಕೇಳಬೇಕಿತ್ತು. ವರ್ಷದಿಂದ ಅವನು ನನ್ನ ಮನೆಯಲ್ಲಿ ಇದ್ದ. ಇದ್ದಾನೆ ಎನಿಸಿದ್ದು ಆಗ. ಹಳೆಯ ಸೊಳ್ಳೆಪರದೆ ಕತ್ತರಿಸಿ, ತಂತಿ ಬಗ್ಗಿಸಿ, ಒಂದು ಕೈಬಲೆ ಹೊಲಿದ. ದಿನಾ ಮುಂಜಾನೆ ಒಂದೊಂದು ಬಕೀಟು ಖಡಿ ತೊಳೆಯುತ್ತಿದ್ದ, ಅಕ್ಕಿ ತೊಳೆದ ಹಾಗೆ, ತಿಳಿನೀರು ಬರುವ ತನಕ. ಮೊಳಕಾಲಿನ ಸುದ್ದಿಯೇ ಇಲ್ಲ. ಮುನವಳ್ಳಿ ಕಡೆಯ ಹಳೆಯ ಗೆಳೆಯನಿಗೆ ನನ್ನ ಮೊಬೈಲಿನಿಂದ ಫೋನು ಹಚ್ಚಿಸಿ, ‘ಬೆರಳ ಉದ್ದದ ಮರಿ ಎತ್ತಿಡು. ನಮ್ಮ ಮಗಳು ದೊಡ್ಡ ಸಾಯನ್ಸ ಮಾಡಾಕತ್ತಾಳ, ನಾ ಇಲ್ಲದ ಆಗೂದಿಲ್ಲ ಆಕಿಗೆ’ ಎಂದು ಜಂಬ ಕೊಚ್ಚಿದ.

ಇನ್ನು ಆ ಶಬ್ದಕ್ಕೆ ಬರುತ್ತೇನೆ.

ಖಡಿಯ ಟ್ರ್ಯಾಕ್ಟರು ಬಂದ ದಿನವೇ ನೀಲಕ್ಕ ಗೋಡೆಯ ಆಚೆಯಿಂದ ಇಣುಕಿದ್ದಳು. ‘ಏನ ನಡಸೀರಿ ಅಕ್ಕೋರ?’ ನಾನು ಪೂರ್ತಿ ಶಬ್ದ ಹೇಳಿದೆ, ಸಾಕ್ಷಿಗೆ ದೇವರಿದ್ದಾನೆ. ‘ಅಕ್ವಾಪೋನಿಕ್ಸ್’ ಎಂದೆ. ಅವಳು ಬೇಕಾದಷ್ಟು ಕೇಳಿಸಿಕೊಂಡಳು. ‘ಅಯ್ಯ ಶಿವನ! ಮನ್ಯಾಗ ಅಕ್ವಾ ಹಾಕಸಾಕತ್ತೀರಿ? ಖಡಿ ಹಾಕಿ ನೀರ ಸೋಸೂದಲ್ಲ ಇದು? ಹಿಂದಕ ನಮ್ಮ ತವರ ಮನ್ಯಾಗ ಗಡಗಿಯೊಳಗ ಉಸುಕು, ಇದ್ದಲಿ ಹಾಕಿ ಸೋಸತಿದ್ರು. ನಮಗೂ ಎರಡ ಕೊಡ ಕೊಡ್ರಿ ಮತ್ತ. ಪೂಜಿ ನೀರಿಗೂ ಆಗತೈತಿ.’

ನೋಡಿ, ಅವಳ ತಿಳಿವಳಿಕೆ ಪೂರಾ ತಪ್ಪೂ ಆಗಿರಲಿಲ್ಲ. ಖಡಿ ನೀರನ್ನು ಸೋಸುವುದು ನಿಜ. ಆಗಲೇ ನಾನು ನಕ್ಕು, ‘ಅಲ್ಲ ನೀಲಕ್ಕಾ, ಇದು ಮೀನಿಂದು’ ಎಂದಿದ್ದರೆ ಏನಾಗುತ್ತಿತ್ತು? ಎರಡು ತಿಂಗಳು ಮಾತು ಬಿಡುತ್ತಿದ್ದಳೇನೋ. ಬಿಡುತ್ತಿರಲಿಲ್ಲವೇನೋ. ನಾನು ‘ಆತ್ರಿ, ನೋಡೂಣು’ ಎಂದೆ. ಆ ‘ನೋಡೂಣು’ ಮೂರು ವಾರದಲ್ಲಿ ಓಣಿಯ ಆ ತುದಿಗೆ ಮುಟ್ಟಿತು. ಅಕ್ಕೋರು ಓಣಿಗೆ ಅಕ್ವಾ ಮಾಡಸಾಕತ್ತಾರ! ನನಗೆ ಹಬ್ಬವಿಲ್ಲದೆ ಕಡಬು ಬಂದವು. ಎಂದೂ ಮಾತಾಡಿಸದ ಮೂಲೆಮನೆಯ ಗೌಡರು ಗಾಡಿ ನಿಲ್ಲಿಸಿ ನಮಸ್ಕಾರ ಹೇಳಿದರು. ತಂಬಿಗೆ ಕೆಳಗಿಡದೆ ಪೂರ್ತಿ ಕುಡಿಯುವಂಥ ಮರ್ಯಾದೆ ಅದು, ನನಗೆ ರುಚಿ ಹತ್ತಿತು. ಮೀನು ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಬಂದ ಮೇಲೆ ಹೇಗೆ ಹೇಳುವುದು ಎಂಬುದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಹಾಳೆ ಇರಲಿಲ್ಲ.

ಟಾಕಿ ತುಂಬಿ ನೀರು ತಿರುಗತೊಡಗಿ ಇಪ್ಪತ್ತು ದಿನವಾಗಿರಬೇಕು. ಎರಡನೆಯ ತೊಟ್ಟಿಗೆ ಬೇಕಾದ ಖಡಿ ತೊಳೆಯುವುದು ಇನ್ನೂ ಬಾಕಿ ಇತ್ತು. ಸಾಲಿ ಬಿಟ್ಟು ಬಂದು ನಾನಿನ್ನೂ ಚಪ್ಪಲಿ ಕಳೆದಿರಲಿಲ್ಲ, ನೀಲಕ್ಕ ಹಿತ್ತಲ ಬಾಗಿಲಿಗೆ ಬಂದಳು. ಮುಖ ಸಣ್ಣದಾಗಿತ್ತು. ಅಪ್ಪ ಅತ್ತ ನಳದ ಹತ್ತಿರ ಖಡಿ ತೊಳೆಯುತ್ತಿದ್ದ.

‘ಅಕ್ಕೋರ, ಒಂದ ಮಾತ ಕೇಳಲೇನ್ರಿ? ಸಿಟ್ಟಾಗಬ್ಯಾಡ್ರಿ.’

‘ಕೇಳ್ರಿ.’

‘ಮಧ್ಯಾಹ್ನ ಕಾಕಾರನ್ನ ಕೇಳಿದೆ, ಅಕ್ವಾದ ಮಶೀನ ಯಾವಾಗ ಬರತೈತಿ ಅಂತ. ಮಶೀನ ಅಲ್ಲವ್ವಾ, ಮೀನ ಅಂದ್ರು. ಮ್ಯಾಲ ಪಲ್ಯೆ, ಕೆಳಗ ಮೀನ, ನಮ್ಮ ಕಸುಬ ನಮ್ಮ ಹಿತ್ತಲದಾಗ ಬಂತು, ದೀಪಾವಳಿಗೆ ಸಾರ ಮಾಡತೇವಿ, ನೀನೂ ಬಾ ಅಂದ್ರು. ನನಗ ಕೈಕಾಲ ಥಂಡ ಆದೂ. ಚಾಷ್ಟಿ ಮಾಡಿರಬೇಕಲ್ರಿ? ನಿಮ್ಮಂಥವ್ರ ಮನ್ಯಾಗ…’

ನಿಮ್ಮಂಥವರ ಮನೆಯಲ್ಲಿ. ಈ ಎರಡು ಶಬ್ದ ಕೇಳಲಿಕ್ಕೆ ನಾನು ನಲವತ್ತು ವರ್ಷ ಓದಿದ್ದೆ, ಊದಿನಕಡ್ಡಿ ಹಚ್ಚಿದ್ದೆ. ನಳದ ಸಪ್ಪಳ ನಿಂತಿತ್ತು. ಅಪ್ಪ ತೊಳೆದ ಖಡಿಯ ಬಕೀಟು ಹಿಡಿದು ನನ್ನ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಯಿತು. ಇದನ್ನು ಬರೆಯಬೇಕು, ಗೊತ್ತಿರಲಿಲ್ಲ ಎಂದು ಬರೆಯುವಷ್ಟು ನಾನಿನ್ನೂ ಕೆಟ್ಟಿಲ್ಲ.

‘ಅಯ್ಯ, ಮೀನ ಅಂದ್ರ ಬಣ್ಣದ ಮೀನ ನೀಲಕ್ಕಾ’ ಎಂದೆ. ‘ಗಾಜಿನ ಪೆಟಿಗಿಯೊಳಗ ಇಡತಾರಲ್ಲ, ಚಂದಕ್ಕ, ಅಂಥಾವು. ನಾವೆಲ್ಲಿ ತಿನ್ನೂದು! ಅಪ್ಪಗ ವಯಸ್ಸಾತು ನೋಡ್ರಿ. ಈಚೀಚೆ ಒಂದ ಹೋಗಿ ಒಂದ ಅಂತಾನ. ನೆನಪ ಹಾರತೈತಿ. ಯಾರ ಮನಿ, ಏನ ಕಸುಬು, ಒಂದೂ ತಿಳಿಯೂದಿಲ್ಲ.’

ಹೇಳುವಾಗ ನಾಲಿಗೆ ಎಲ್ಲಿಯೂ ತೊಡರಲಿಲ್ಲ. ನೀಲಕ್ಕನ ಮುಖ ಅರಳಿತು. ‘ಹಂಗನ್ರಿ ಮತ್ತ! ನನ್ನ ಜೀವ ತಿರಿಗಿ ಬಂತು ನೋಡ್ರಿ. ನಮ್ಮ ಮಾವನೋರೂ ಕಡೀಕಡೀಕ ಹಂಗ ಆಗಿದ್ರು, ನನ್ನನ್ನ ಅವರವ್ವಾ ಅಂತಿದ್ರು. ಪಾಪ.’ ಹಾಗೆನ್ನುತ್ತ ನನ್ನ ಭುಜದ ಮೇಲಿನಿಂದ ಅಪ್ಪನ ಕಡೆ ನೋಡಿ, ಕಿವುಡರಿಗೆ ಹೇಳುವಂತೆ ದನಿಯೆತ್ತಿ, ‘ಕಾಕಾ! ಚಾ ಕುಡದ್ರೇನ?’ ಎಂದಳು.

ಅಪ್ಪ ಬಕೀಟು ಕೆಳಗಿಟ್ಟ. ಕಲ್ಲು ತುಂಬಿದ ಬಕೀಟು ಒಂದಿಷ್ಟೂ ಸಪ್ಪಳ ಮಾಡಲಿಲ್ಲ.

ಅವಳು ಹೋದ ಮೇಲೆ ನಾನು ಚಹಾ ಮಾಡಿದೆ. ಅವನ ಮುಂದೆ ಕಪ್ಪು ಇಟ್ಟು, ‘ಹಂಗ ಅನಬೇಕಾತಪ್ಪಾ’ ಎಂದೆ. ‘ಅಂದದ್ದರಾಗ ಏನೈತಿ’ ಎಂದ. ‘ನೀ ಇಲ್ಲೆ ಬಾಳೇ ಮಾಡಾಕಿ.’ ಬೈದಿದ್ದರೆ ಬದುಕುತ್ತಿದ್ದೆ. ನಾಲ್ಕು ಮಾತು ಜಾಡಿಸಿದ್ದರೆ ನಾನೂ ನಾಲ್ಕು ಜಾಡಿಸಿ, ನಿನ್ನ ಮೀನಿನ ವಾಸನೆ ಹೊತ್ತು ಸಾಲಿಗೆ ಹೋದವಳು ನಾನು, ಕಿಟಕಿಗೆ ಕುಳಿತವಳು ನಾನು ಎಂದು ಅತ್ತು ಹಗುರಾಗುತ್ತಿದ್ದೆ. ಅವನು ಅದಕ್ಕೆ ಜಾಗ ಕೊಡಲಿಲ್ಲ. ಮಾರನೆಯ ದಿನ ಗೆಳೆಯನಿಗೆ ಫೋನು ಹಚ್ಚಲು ಕೇಳಿ, ‘ಮರಿ ಬ್ಯಾಡೋ, ಬ್ಯಾರೆ ಯಾರಿಗಾರ ಕೊಡು’ ಎಂದಷ್ಟೇ ಹೇಳಿ ಇಟ್ಟ. ಉಳಿದ ಖಡಿಯನ್ನು ನಾನೇ ತೊಳೆದೆ. ನಾನು ತೊಳೆದದ್ದರಲ್ಲಿ ಮಣ್ಣು ಉಳಿಯಿತು. ಮೊಳಕಾಲು ಮತ್ತೆ ನೋಯತೊಡಗಿತು ಎಂದ. ರವಿವಾರ ಡಬ್ಬಿ ತೆಗೆದುಕೊಂಡು ಹೊರಟಾಗ, ‘ನನಗ ತರಬ್ಯಾಡ, ಮೊಸರ ಸಾಕು’ ಎಂದ. ಒಬ್ಬಳಿಗಾಗಿ ಯಾರು ತರುತ್ತಾರೆ.

ಸುಳ್ಳು ಹೇಳಿದ ಮೇಲೆ ಅದಕ್ಕೆ ನೀರೆರೆಯಬೇಕಲ್ಲ. ಬೆಳಗಾವಿಗೆ ಹೋದಾಗ ಕೇಸರಿ ಬಣ್ಣದ ಎಂಟು ಮೀನು ತಂದೆ, ಪ್ಲಾಸ್ಟಿಕ್ ಚೀಲದಲ್ಲಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು. ಡಬ್ಬಿ ಬೇಡ, ಕೊತ್ತಂಬರಿ ಬೇಡ. ದಾರಿಯುದ್ದಕ್ಕೂ ಮಂದಿ ನೋಡಿ, ‘ಎಷ್ಟ ಚಂದ ಅದಾವ್ರಿ’ ಎಂ‌ದರು. ಮೀನಿನಲ್ಲೂ ತಿನ್ನದಿರುವ ಜಾತಿಗೆ ಸಿಗುವ ಮರ್ಯಾದೆಯೇ ಬೇರೆ. ನೀರು ಹಳೆಯದಾಗಿತ್ತು, ಎಂಟೂ ಬದುಕಿದವು. ಮೆಂತ್ಯ ಬಂತು, ಪಾಲಕ ಬಂತು. ಯೋಜನೆ ಯಶಸ್ವಿಯಾಯಿತು ಎಂದೇ ಹೇಳಬೇಕು, ಕೇಳಿದವರಿಗೆ ಹಾಗೇ ಹೇಳುತ್ತೇನೆ. ಅಪ್ಪ ಹಿತ್ತಲಿಗೆ ಬರುವುದನ್ನು ಬಿಟ್ಟ.

ಒಂದು ದಿನ ನೀಲಕ್ಕ ತನ್ನ ತಂಗಿಯನ್ನು ಕರೆದುಕೊಂಡು ಬಂದಳು, ಅಕ್ಕೋರ ಹಿತ್ತಲು ತೋರಿಸಲು. ಪಡಸಾಲೆಯಲ್ಲಿ ಕುಳಿತಿದ್ದ ಅಪ್ಪನನ್ನೂ, ‘ಏಳ್ರಿ ಕಾಕಾ, ಗಾಳಿಗೆ ಬರ್ರಿ’ ಎಂದು ಪ್ರೀತಿಯಿಂದಲೇ ಕೈ ಹಿಡಿದು ಎಬ್ಬಿಸಿ ತಂದಳು. ತಂಗಿಯ ಕಿವಿಯಲ್ಲಿ ಏನೋ ಉಸುರಿದಳು. ತಂಗಿ ಅಪ್ಪನನ್ನು ನೋಡಿ ಲೊಚಗುಟ್ಟಿದಳು. ಟಾಕಿಯ ಹತ್ತಿರ ನಿಲ್ಲಿಸಿ, ಸಣ್ಣ ಮಕ್ಕಳಿಗೆ ಕೇಳುವ ಹಾಗೆ ದೊಡ್ಡ ದನಿಯಲ್ಲಿ ನೀಲಕ್ಕ ಕೇಳಿದಳು, ‘ಕಾಕಾ, ಇವೇನು ಹೇಳ್ರಿ ನೋಡೂಣು?’

ಕತ್ತಲಲ್ಲಿ ನೀರು ಹಾರಿದ ಸಪ್ಪಳದ ಮೇಲೆ ಮೀನು ಯಾವುದು, ಎಷ್ಟು ತೂಕದ್ದು ಎಂದು ಹೇಳುತ್ತಿದ್ದ ಮನುಷ್ಯ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಕೇಸರಿ ಮೀನುಗಳು ಅವನ ನೆರಳಿಗೆ ಬಂದು ಗುಂಪಾದವು.

‘ಚೆಂಡಹೂವ ಅಲ್ಲೇನವ್ವಾ?’ ಎಂದ.

ನೀಲಕ್ಕ ಸೆರಗು ಬಾಯಿಗೆ ಹಿಡಿದು, ‘ಶಿವ ಶಿವಾ’ ಎಂದಳು. ಅವಳ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಅಪ್ಪ ನೆಟ್ಟಗೆ ನಿಂತ, ನನ್ನ ಕಡೆ ತಿರುಗಿದ. ಕಣ್ಣು ತಿಳಿಯಾಗಿದ್ದವು, ಮೊದಲಿನಷ್ಟೇ.

‘ಹೂವಿಗೆ ನೀರ ಹಾಕೀಯೇನ ಯವ್ವಾ?’

ಇಬ್ಬರು ಹೆಂಗಸರೂ ನನ್ನನ್ನೇ ನೋಡುತ್ತಿದ್ದರು.

‘ಹಾಕೇನಪ್ಪಾ’ ಎಂದೆ.